ಯಾವ ಮೀನು

ಕಾರವಾರದ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ
ನನ್ನ ಪಾಲಿಗೆ ಬಂದದ್ದು ಕಿಟಕಿಯ ಪಕ್ಕದ ಮೇಜು.
ಹೊರಗೆ ಕಡಲಿನ ಒಂದು ಚೂರು,
ಒಳಗೆ ಗಾಜಿನ ಪಟ್ಟಿಗಳು.
ಹದಿನಾರು ವರ್ಷದಿಂದ ನೋಡುತ್ತಿರುವುದು ಪಟ್ಟಿಗಳನ್ನೇ.

ಇವತ್ತಿನ ಏಳನೆಯದು: ಬುದವಂತಿ ಅಂಬಿಗ, ಐವತ್ತೆರಡು,
ಗರ್ಭಕಂಠದ ಕ್ಯಾನ್ಸರ್,
ಮಣಿಪಾಲದಲ್ಲಿ ಇಪ್ಪತ್ತೈದು ಕರೆಂಟು,
ಆಮೇಲೆ ಒಳಗಿನಿಂದ ಮೂರು.
ಗಂಟು ಹೋಗಿ ಎಂಟು ತಿಂಗಳು.
ಚೀಟಿಯಲ್ಲಿ ಡಾಕ್ಟರರ ಓಡುಗೈ:
ಬಿಳಿಸೆರಗು, ಉರಿ, ಮೀನಿನ ವಾಸನೆ.

ಬಾಗಿಲ ಬಳಿಯ ಬೆಂಚಿನಿಂದ ಎದ್ದು ಬಂದು
ಚೀಟಿಯನ್ನು ನನ್ನಿಂದಲೇ ಓದಿಸಿಕೊಂಡು
ಕೇಳಿದಳು:
"ಯಾವ ಮೀನು?"

ನಾನು ನಕ್ಕೆ. ಅವಳು ನಗಲಿಲ್ಲ.

"ಅಘನಾಶಿನಿ ಅಳಿವೆಯಲ್ಲಿ ನಲವತ್ತು ವರ್ಷ
ಬೆಳಚು ಹೆಕ್ಕಿದವಳು ನಾನು ತಂಗೀ.
ಕುಮಟೆ ಪೇಟೆಯಲ್ಲಿ ತಾರ್ಲೆ, ನೊಗ್ಲಿ, ಶೆಟ್ಲಿ ಮಾರಿದವಳು.
ಬಂಗಡೆ ಬೆಳಿಗ್ಗೆ ಒಂದು ನಮೂನೆ, ಬಿಸಿಲೇರಿದ ಮೇಲೆ ಇನ್ನೊಂದು.
ಕಣ್ಣು ಕಟ್ಟಿ ಮೂಗಿಗೆ ಹಿಡಿ, ಹೆಸರು ಹೇಳ್ತೆ.
ಇದು ಯಾವ ಮೀನೂ ಅಲ್ಲ.
ಸುಮ್ಮನೆ ಮೀನಿನ ಹೆಸರು ಎಂತಕ್ಕೆ ಕೆಡಿಸ್ತಾರೆ?"

ಮೀನು ಮಾರುವವಳಿಗೆ ವಾಸನೆಯ ಚಿಂತೆಯೇ ಎಂದು
ಊರಿನ ನರ್ಸು ಎರಡು ಸಲ ವಾಪಸು ಕಳಿಸಿದ್ದಳಂತೆ.
ಗಂಡ ಜಗಲಿಗೆ ಹೋಗಿ ಮಲಗುತ್ತಾನಂತೆ,
ಸೆಕೆ ಎನ್ನುತ್ತಾನಂತೆ.
ಜನವರಿಯಲ್ಲಿ.

ನೇರಳೆ ಬಣ್ಣ ಹಾಕಿ, ತೊಳೆದು, ಕಣ್ಣಿಟ್ಟೆ.
ಎಷ್ಟೋ ಹೆಂಗಸರ ಪಟ್ಟಿಯಲ್ಲಿ
ಚಾಪೆಯ ಮೇಲೆ ಒಣಹಾಕಿದ ಸಣ್ಣ ಮೀನಿನ ಹಾಗೆ
ಚೆಲ್ಲಿಕೊಂಡಿರುತ್ತವೆ ನೇರಳೆ ಕಡ್ಡಿಗಳು.
ಇಲ್ಲಿ ಒಂದೂ ಇಲ್ಲ.
ದೋಣಿಯ ಹೊಟ್ಟೆಗೆ ಕಚ್ಚಿದ ಚಿಪ್ಪಿನಂತೆ
ಜೀವಕೋಶದ ಅಂಚಿಗೆಲ್ಲ ಮಸುಕು ಚುಕ್ಕೆಗಳು,
ಹೆಸರು ಹತ್ತಾರು, ಕುಲ ಹತ್ತಾರು.
ಹಳದಿಯಾಗಿ ಉಳಿಯಬೇಕಿದ್ದ ಹುಳಿಕಾಗದ
ಹಸಿರಾಗಿ ಕೂತಿತ್ತು.

"ಎಂತ ಸತ್ತೋಯ್ತು ನನ್ನೊಳಗೆ?"

ಹೇಳಬಾರದು ನಾನು. ವರದಿ ಡಾಕ್ಟರರಿಗೆ.
ಹೇಳಿದೆ:
ಹೆಪ್ಪಿನ ಬಳಗ ಅದು, ಮೊಸರಿನ ದಾಯಾದಿಗಳು.
ಹುಳಿ ಮಾಡಿ, ಆ ಹುಳಿಯಲ್ಲೇ ಬಾಗಿಲು ಕಾಯುತ್ತಿದ್ದವು.
ಕರೆಂಟಿಗೆ ಅಂಡಾಶಯ ಒಣಗಿತು,
ಒಳಗೋಡೆ ತೆಳುವಾಯಿತು,
ಅವಕ್ಕೆ ತಿನ್ನಲು ಏನೂ ಉಳಿಯಲಿಲ್ಲ.
ಗಂಟು ಬರುವ ಮೊದಲೇ ಹೊರಟಿದ್ದವೋ ಏನೋ,
ಯಾವುದು ಮೊದಲು ಎನ್ನುವುದು
ಓದಿದವರಿಗೂ ಪೂರ್ತಿ ಗೊತ್ತಿಲ್ಲ.

"ಹಾಗಾರೆ ಒಂದು ಚಮಚ ಮೊಸರು..."
ಬೇಡ ಅಕ್ಕ, ಬೇಡ. ಅದು ಬೇರೆ ಮನೆಯ ಹೆಪ್ಪು.
ಡಾಕ್ಟರರು ಮುಲಾಮು ಬರೆದುಕೊಡುತ್ತಾರೆ, ಕೇಳು.
ನಾಚದೆ ಕೇಳು.

ಸ್ವಲ್ಪ ಹೊತ್ತು ಕಡಲಿನ ಚೂರನ್ನು ನೋಡಿದಳು.

"ತಿಳೀತು ಬಿಡು.
ಮಾಣಿಕಟ್ಟೆಯಲ್ಲಿ ನನ್ನಪ್ಪ ಗೇಯುತ್ತಿದ್ದ ಗಜನಿ.
ಒಂದು ರಾತ್ರಿ ಜಂತ್ರಡಿಯ ಹಲಗೆ ಮುರೀತು.
ಬೆಳಗಾಗೂದ್ರೊಳಗೆ ಉಪ್ಪುನೀರು ಕಂಠಮಟ್ಟ.
ಕಪ್ಪೆ ಹೋಯ್ತು, ಗದ್ದೆಹುಳ ಹೋಯ್ತು,
ಎಂತೆಂತದೋ ಬಂತು ಕಾಲು ಕಚ್ಚೂಕೆ.
ಗದ್ದೆ ಅದೇ, ಒಕ್ಕಲು ಬೇರೆ.
ಕಗ್ಗ ಮತ್ತೆ ತೆನೆ ಕಟ್ಟೂಕೆ ಮೂರು ಮಳೆಗಾಲ ಬೇಕಾಯ್ತು.
ನಂಗೆ ಎಷ್ಟು ಮಳೆ ಬೇಕು?"

ಸೂಕ್ಷ್ಮದರ್ಶಕಕ್ಕೆ ಮಳೆ ಎಣಿಸಲು ಬರುವುದಿಲ್ಲ.
ನನಗೂ.

ನಾಲ್ಕೂ ಹತ್ತರ ಕುಮಟೆ ಬಸ್ಸಿಗೆ ಎದ್ದಳು.
ನಾಳೆ ಇಳಿತ ನಸುಕಿಗೇ ಅಂತೆ,
ಸೊಂಟಮಟ್ಟದ ನೀರಿನಲ್ಲಿ ನಿಲ್ಲಬಹುದೇ ಎಂದು
ಮೆಟ್ಟಿಲಿನಿಂದ ಕೂಗಿ ಕೇಳಿದಳು.
ಉತ್ತರಕ್ಕೆ ಕಾಯಲಿಲ್ಲ.
ನಿಂತೇ ನಿಲ್ಲುವವಳು.

ನನ್ನ ಬೆರಳು ಮೂಸಿಕೊಂಡೆ: ಸ್ಪಿರಿಟ್ಟು.
ವರದಿಯ ಹಾಳೆ ಎಳೆದುಕೊಂಡು
ಕಡ್ಡಿಗಳು: ಇಲ್ಲ.
ಹುಳಿ: ಇಲ್ಲ.
ವಾಸನೆ: ಇದೆ, ಎಂದು ಬರೆದು
ಯಾವುದರದು ಎನ್ನುವಲ್ಲಿ
ಹದಿನಾರು ವರ್ಷದ ರೂಢಿಯ ಕೈ
'ಮೀ' ಎಂದು ಶುರುಮಾಡಿತ್ತು.
ಹೊಡೆದುಹಾಕಿದೆ.