ನೆಲಕ್ಕೊಂದು ತಂತಿ

ಮೂರು ವರ್ಷದ ಮಂಡಕ್ಕಿ ಬಾಕಿ
ತೀರಿಸಲಾರದೆ ಮೈಕ್‌ಸೆಟ್ಟಿನ ಹಾಲೇಶಿ
ಅಂಗಡಿ ಮುಚ್ಚಿದ ದಿನ ನನ್ನ ಕೈಗಿಟ್ಟ:
ರೆಕಾರ್ಡು ತಿರುಗಿಸುವ ಒಂದು ಪೆಟ್ಟಿಗೆ,
ಗೋಣಿಚೀಲದಲ್ಲಿ ನಲವತ್ತೊಂದು ತಟ್ಟೆ,
'ಸೂಜಿ ಹೊಸಾದು' ಎಂಬ ಒಂದು ಸುಳ್ಳು.

ಟೀವಿ ಪಕ್ಕದ ಆಂಪ್ಲಿಫೈಯರಿಗೆ ಸಿಕ್ಕಿಸಿದೆ.
ವಾಲ್ಯೂಮು ತುದಿಮುಟ್ಟ ತಿರುವಿದರೂ
ಗೋಡೆಯಾಚೆ ಯಾರೋ ಅಕ್ಕಿ ಆರಿಸುತ್ತ
ತಮ್ಮಷ್ಟಕ್ಕೆ ಗುನುಗಿದ ಹಾಗೆ.
'ಇದಕ್ಕಿಂತ ನಮ್ಮ ಮಿಕ್ಸಿ ಚಲೋ ಹಾಡತೈತಿ'
ಅಂದಳು ನೀಲವ್ವ, ಶೇಂಗಾಚಟ್ನಿ ತಿರುವುತ್ತ.

ಚೌಕಿಪೇಟೆಯ ದಸ್ತಗೀರ ಸಾಬರು
ಕನ್ನಡಕ ಹಣೆಗೇರಿಸಿದರು:
'ಸೂಜಿ ಕೊಡೋದು ಐದು ಮಿಲಿವೋಲ್ಟು, ಅಷ್ಟ.
ಇರುವಿ ಕೆಮ್ಮಿದಂಗ.
ನಡುವ ಒಂದು ಡಬ್ಬಿ ಬೇಕ್ರಿ, ಫೋನೋ ಪ್ರೀಆಂಪು.
ಬರೇ ಜೋರು ಮಾಡೋದಲ್ಲ ಅದರ ಕೆಲಸ.
ತಟ್ಟಿ ಕೊರಿಯೋ ಮುಂದ ದಪ್ಪ ಸ್ವರ ತಗ್ಗಿಸಿರತಾರ,
ಇಲ್ಲಾಂದ್ರ ಒಂದು ಗೀರು ಇನ್ನೊಂದಕ್ಕ ಹಾಯತೈತಿ,
ನಿಮ್ಮ ಓಣ್ಯಾಗ ಲಾರಿ ಹೊಕ್ಕಂಗ.
ಸಣ್ಣ ಸ್ವರ ಏರಿಸಿರತಾರ.
ತಗ್ಗಿಸಿದ್ದು ಎತ್ತಬೇಕು, ಏರಿಸಿದ್ದು ಇಳಿಸಬೇಕು.
ಲೆಕ್ಕ ತಪ್ಪಿದರ ಹಾಡೂ ತಪ್ಪತೈತಿ.'

ನನಗಿದು ತಿಳಿಯಿತು, ಬೇರೆ ದಾರಿಯಿಂದ.
ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ಕಳೆದು
ಉಪ್ಪುಂಡ ಅಕ್ಕಿ ಕಾದ ಉಸುಕಿಗೆ ಬಿದ್ದಾಗ
ಕುಗ್ಗಿದ್ದು ಅರಳುವುದು ಒಂದೇ ಉಸಿರಲ್ಲಿ.
ಮೊದಲೇ ತೆಗೆದರೆ ಹಲ್ಲಿಗೆ ಕಲ್ಲು,
ತಡವಾದರೆ ಕರಿ.

ಡಬ್ಬಿಗಳು ಬಂದವು, ವಾರಕ್ಕೊಂದರಂತೆ.
ಕೊರಿಯರಿನಲ್ಲಿ ಬಂದದ್ದು ಬೆಂಕಿಪೊಟ್ಟಣದಷ್ಟು ಹಗುರ,
ಬೆಲೆ ಹದಿನೆಂಟುನೂರು.
ಮಾತು ಸ್ಪಷ್ಟ, ಆದರೆ ತಬಲಾ ಮಾತ್ರ
ಬಿಸ್ಕತ್ತಿನ ರಟ್ಟು ಬಡಿದಂತೆ.

ವಿದ್ಯಾನಗರದ ಎಲುಬಿನ ಡಾಕ್ಟರು
ಎರಡು ವಾಲ್ವಿನದು ಕಡ ಕೊಟ್ಟರು,
ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ.
ದೀಪ ಕೆಂಪಗೆ ಹತ್ತಿತು, ಹಾರ್ಮೋನಿಯಂ ಕರಗಿತು,
ಗಂಡನನ್ನು ಬೈಯುವ ಪದವೂ ಲಾಲಿಯಾಯಿತು.
ಬೆಣ್ಣೆ ಊರಿನವನೇ ನಾನು, ಒಪ್ಪಿದೆ.
ಆದರೂ ಮಿರ್ಚಿಗೂ ಬೆಣ್ಣೆ ಸವರಿದರೆ
ಖಾರ ಎಲ್ಲಿಗೆ ಹೋಗಬೇಕು?

ಮೂರನೆಯದು ಸಾಬರೇ ಬೆಸೆದದ್ದು,
ಸ್ಟೀಲಿನ ಊಟದ ಡಬ್ಬಿಯೊಳಗೆ.
ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು: ರಮೀಜಾ.

ಮೂರಕ್ಕೂ ಒಂದೇ ಕಾಯಿಲೆ. ಗುಂಯ್.
ಹಾಡಿನ ಕೆಳಗೆ, ಹಾಡಿಗಿಂತ ಮೊದಲು, ಹಾಡು ಮುಗಿದ ಮೇಲೂ
ತೊಟ್ಟಿಲಿಗೆ ಕೂತ ನೊಣದಂತೆ.
ಸಾಬರು ಪೆಟ್ಟಿಗೆಯ ತಗಡಿಗೆ ಬೆರಳಿಟ್ಟರು, ನಿಂತಿತು.
ತೆಗೆದರು, ಬಂತು.
'ದಿನಾ ಬಂದು ಬೆರಳಿಟ್ಟುಕೊಂಡು ಕುಂದ್ರಲೇನ್ರಿ?
ಭಟ್ಟಿಯ ಫ್ಯಾನೂ ಇದೂ ಒಂದೇ ಲೈನು.
ನಿಮ್ಮ ಅರ್ತಿಂಗು ನೀರು ಕಂಡು ಯಾವ ಕಾಲಾತು?'

ಹಿತ್ತಲಲ್ಲಿ ಅಗೆದೆವು.
ಪೈಪು ತುಕ್ಕು ಹಿಡಿದಿತ್ತು, ಮಣ್ಣು ಹಪ್ಪಳ.
ಉಪ್ಪು ಬೇಕೆಂದರು, ಇದ್ದಿಲು ಬೇಕೆಂದರು.
ಭಟ್ಟಿಯವನಿಗೆ ಅವೆರಡಕ್ಕೆ ಎಲ್ಲಿಯ ಬರ!
ಬುಟ್ಟಿ ಬುಟ್ಟಿ ಸುರಿದೆ.
ನೀಲವ್ವ ಎರಡು ಕೊಡ ನೀರು ಹೊಯ್ದಳು,
'ನೆಲಕ್ಕೂ ಒಗ್ಗರಣೆ' ಎಂದು ನಕ್ಕಳು.
ಹಸಿರು ತಂತಿಯೊಂದು ಕಿಟಕಿ ಹತ್ತಿ ಒಳಗೆ ಬಂತು.

ಆಮೇಲೆ ಮನೆಯಲ್ಲಿ ಏನೂ ಇರಲಿಲ್ಲ.
ಅಷ್ಟು ಏನೂ ಇಲ್ಲದ್ದನ್ನು ನಾನು ಕೇಳಿರಲೇ ಇಲ್ಲ.
ಹೆಸರಿನ ಕಾಗದ ಉದುರಿಹೋದ ತಟ್ಟೆಯಲ್ಲಿ
ಯಾರೋ ಒಬ್ಬಾಕೆ, ಹಾಡುವ ಮುಂಚೆ,
ಬಳೆ ಹಿಂದಕ್ಕೆ ಸರಿಸಿಕೊಂಡಳು.

ನೀಲವ್ವಗೆ ಇವತ್ತಿಗೂ ಕೊರಿಯರ್ ಡಬ್ಬಿಯೇ ಸರಿ,
'ಅದರಾಗ ಮಾತು ತಿಳೀತಾವ' ಎನ್ನುತ್ತಾಳೆ.
ಜಗಳ ಮುಗಿದಿಲ್ಲ.
ಸಾಬರಿಗೆ ದುಡ್ಡು ಕೊಟ್ಟೆ, ಮೇಲೊಂದು ಚೀಲ ಮಂಡಕ್ಕಿ.
ಇಷ್ಟಾಗಿ ರಮೀಜಾಬಿಯವರು ಹೇಳಿಕಳಿಸಿದರು:
ತವರಿನ ಡಬ್ಬಿ ಅದು, ಬದಲಿಗೆ ಹೊಸದು ಬೇಕು,
ಹೆಸರು ಕೊರೆಸಿ.

ಕೊರೆಸಿ ಕೊಟ್ಟೆ.
ಬೇಸಿಗೆಯಲ್ಲೀಗ ಸೋಮವಾರ ಸೋಮವಾರ
ಹಿತ್ತಲಿಗೆ ಒಂದು ಕೊಡ ಒಯ್ಯುತ್ತೇನೆ.
'ಗಿಡ ಎಲ್ಲೈತಿ?' ಎಂದು ಪಕ್ಕದ ಮನೆಯ ಹುಡುಗ ಕೇಳುತ್ತಾನೆ.