ಆಯ್ತಾ

ಫಳ್ನೀರಿನ ಮೂರನೇ ಮಾಳಿಗೆ. ಲಿಫ್ಟು ಹಾಳು.
ಏಜೆನ್ಸಿಯ ಪ್ರಫುಲ್ಲಾ ಮೇಡಂ ಎಷ್ಟು ಮೆತ್ತಗೆ ಮಾತಾಡುತ್ತಾರೆಂದರೆ
ಇಲ್ಲ ಅಂದದ್ದು ಮೆಟ್ಟಿಲಿಳಿದ ಮೇಲೆ ಗೊತ್ತಾಗುತ್ತದೆ.

ಫೋಟೋದಲ್ಲಿ ಎರಡೂ ಕಿವಿ ಕಾಣಬೇಕು, ಆಯ್ತಾ.
ಪಾಸ್‌ಪೋರ್ಟ್ ನಮ್ಮಲ್ಲೇ ಇರಲಿ, ಆಯ್ತಾ.
ವೀಸಾ ಮುಂದಿನ ವಾರ, ಆಯ್ತಾ.

ಮುಂದಿನ ವಾರಗಳು ಹದಿನೇಳು ಕಳೆದವು.

ಟ್ರೇಡ್ ಟೆಸ್ಟಿನ ದಿನ ಬೈಕಂಪಾಡಿಯ ಶೆಡ್ಡಿನಲ್ಲಿ
ಎರಡು ಪ್ಲೇಟು ಕೊಟ್ಟು ಬೆಸೆ ಅಂದಿದ್ದರು.
ಬೆಂಗ್ರೆಯಲ್ಲಿ ಹನ್ನೊಂದು ವರ್ಷ
ಕಡಲು ಒಳಗೆ ಬಾರದ ಹಾಗೆ ಬೋಟು ಬೆಸೆದ ಕೈ ಇದು.
ಟೈ ಕಟ್ಟಿದವನು ಸುತ್ತಿಗೆಯಲ್ಲಿ ಬಡಿದ, ಬಡಿದ,
ಬೆಸುಗೆ ಬಿಡಲಿಲ್ಲ.
ತೌಸೀಫ್ ಅಂದರೆ ತೌಫೀಕ್ ಅಂತ ಬರೆದುಕೊಂಡ.

ಇವತ್ತು ಮತ್ತೆ ಹತ್ತಿದೆ.
ಮೆಡಿಕಲ್‌ಗೆ ಇನ್ನೊಂದು ಇಪ್ಪತ್ತು ಸಾವಿರ, ಆಯ್ತಾ.
ಅದೂ ಒಂದು ಪ್ರಶ್ನೆಯೇ ಅಲ್ಲವಾ,
ನಮ್ಮೂರಲ್ಲಿ ಯಾರೂ ಉತ್ತರಕ್ಕೆ ಕಾಯದ ಪ್ರಶ್ನೆ.
ಆಗಲಿಲ್ಲ, ಅಂದೆ.

ಫ್ಯಾನಿನ ಸದ್ದು ಮೊದಲ ಸಲ ಕೇಳಿಸಿತು.
ಮೇಡಂ ಡ್ರಾವರ್ ಎಳೆದರು.
ರಬ್ಬರ್ ಬ್ಯಾಂಡಿನ ಕಟ್ಟುಗಳಲ್ಲಿ ಎಷ್ಟೊಂದು ಜನ
ಎರಡೂ ಕಿವಿ ತೋರಿಸಿಕೊಂಡು ಮಲಗಿದ್ದರು.
ನನ್ನನ್ನು ಹುಡುಕುವುದಕ್ಕೆ ತುಂಬ ಹೊತ್ತು ಹಿಡಿಯಿತು.