ಜಂತಿ

ಸ್ಲೌ ಪಟ್ಟಣ, ಕಾರ್ಪೆಟ್ ಅಂಗಡಿಯ ಮೇಲಿನ ಕೋಣೆ.
ಹೀಟರ್ ಟಿಕ್‌ಟಿಕ್ ಅನ್ನುತ್ತದೆ, ಬಿಸಿ ಬರುವುದಿಲ್ಲ.
ನನ್ನ ಕೆಲಸ ಇಷ್ಟೆ: ಆಕೆ 'ನಾನು' ಅಂದರೆ
ನಾನೂ 'ನಾನು' ಅನ್ನಬೇಕು.
ಕಣ್ಣು ಒರೆಸಿಕೊಳ್ಳುವಂತಿಲ್ಲ,
ಚಹಾ ಬೇಕೇ ಎಂದು ಕೇಳುವಂತಿಲ್ಲ.
ಗಂಟೆಗೆ ಇಷ್ಟು ಪೌಂಡು, ಬಸ್ಸಿನ ಖರ್ಚು ಬೇರೆ.

ನಾನು ಹುಲಿಗೆಮ್ಮ. ಕಾರಟಗಿ ಕಡೆಯವಳು.
ಮಸ್ಕತ್ತಿನಲ್ಲಿ ಎರಡು ವರ್ಷ ಅವರ ಮನೆಯಲ್ಲಿದ್ದೆ.
ಮಗು ನನ್ನ ಬಿಟ್ಟಿರುವುದಿಲ್ಲವೆಂದು ಇಲ್ಲಿಗೂ ತಂದರು,
ಸೂಟ್‌ಕೇಸು ಎಣಿಸುವಾಗ ನನ್ನನ್ನೂ ಸೇರಿಸಿಕೊಂಡರು.
ಪಾಸ್‌ಪೋರ್ಟು ಮೇಡಮ್ಮನ ಬಳೆಗಳ ಜೊತೆ, ಕಪಾಟಿನಲ್ಲಿ.
ಇಷ್ಟನ್ನೂ ನಾನೇ ಹೇಳಿದೆ, ಇಂಗ್ಲಿಷಿನಲ್ಲಿ,
ಕಾರಟಗಿ ಎಲ್ಲಿದೆ ಅಂತ ನೆಟ್ಟಗೆ ಗೊತ್ತಿಲ್ಲದ
ಮೈಸೂರಿನ ನಾನು.

ಅಧಿಕಾರಿ ಒಳ್ಳೆಯ ಹುಡುಗಿ. ಪೆನ್ನಿನ ತುದಿ ಕಚ್ಚುತ್ತಾಳೆ.
"ಬಾಗಿಲಿಗೆ ಬೀಗ ಇರಲಿಲ್ಲ ಅಂದಿರಿ.
ಹದಿನಾಲ್ಕು ತಿಂಗಳು. ಯಾರಿಗೂ ಯಾಕೆ ಹೇಳಲಿಲ್ಲ?"

ದಾನದ ಜಾಕೆಟ್ಟಿನ ಜಿಪ್ಪು ಮೇಲೆಳೆದು, ಕೆಳಗೆಳೆದು,
"ಉಂಡ ಮನಿ ಜಂತಿ ಎಣಸಬಾರದ್ರೀ," ಅಂದಳು.

ಏನು ಮಾಡಲಿ?
ಉಂಡದ್ದು, ಅವರು ಉಂಡು ಮಿಕ್ಕದ್ದು, ರಾತ್ರಿ ಹನ್ನೊಂದಕ್ಕೆ, ನಿಂತುಕೊಂಡು.
ಮನೆ. ಅದಕ್ಕೊಂದು ಪದವಿದೆ; ಹೇಳಲು ಬಾಯಿ ಬರಲಿಲ್ಲ.
ಜಂತಿ ಇಲ್ಲಿ ಯಾರಿಗೂ ಕಾಣುವುದಿಲ್ಲ,
ಬಿಳಿ ಹಲಗೆ ಹೊಡೆದು ಮುಚ್ಚಿರುತ್ತಾರೆ.
"ಅನ್ನ ಕೊಟ್ಟವರ ಕೊಂಕು ಹುಡುಕಬಾರದು" ಅಂದೆ.
ಹುಡುಗಿ ಬರೆದುಕೊಂಡಳು: ಕೃತಜ್ಞತೆ.
ತಪ್ಪು. ತಿದ್ದುವುದು ನನ್ನ ಕೆಲಸವಲ್ಲ.

"ಎಲ್ಲಿ ಮಲಗುತ್ತಿದ್ದಿರಿ?"
ಮೆಟ್ಟಿಲ ಕೆಳಗೆ, ಕಸ ಹೀರುವ ಮಿಷನ್ನಿಡುವ ಗೂಡಿನಲ್ಲಿ.
"ಎಷ್ಟು ದೊಡ್ಡದು?"
ಆಕೆ ಕೈ ಚಾಚಿ ತೋರಿಸಲಿಲ್ಲ.
ತಲೆಯೆತ್ತಿ ಕೋಣೆಯ ಸೂರು ನೋಡಿದಳು, ತುಟಿ ಅಲುಗಿತು.
"ಹದಿಮೂರು ಪಾವಟಿಗಿ."
ನನಗೆ ತಿಳಿಯದ ಪದ. ಕೇಳಲು ಅನುಮತಿ ಬೇಡಿದೆ.
ಎರಡು ಬೆರಳನ್ನು ಮೇಜಿನ ಮೇಲೆ
ಹತ್ತಿಸಿ, ಹತ್ತಿಸಿ, ತೋರಿಸಿದಳು.
"ಮಕ್ಕೊಂಡಾಗ ಮ್ಯಾಲ ಕಾಣತಿದ್ವು.
ಎಣಿಸೀನ್ರೀ,"
ಕದ್ದದ್ದನ್ನು ಒಪ್ಪಿಕೊಂಡ ಹಾಗೆ.

ಐದಕ್ಕೆ ಮುಗಿಯಿತು. ನನ್ನ ಹಾಳೆಗೆ ಸಹಿ ಬಿತ್ತು.
ಹೊರಗೆ ಆಕೆಗೆ ಕಾರು; ಎಲ್ಲಿಗೆ ಅಂತ ನನಗೆ ಹೇಳುವಂತಿಲ್ಲ.
ಅಂಗಡಿಯ ಕಡೆ ಇಳಿಯುವ ಮರದ ಮೆಟ್ಟಿಲ ಮೇಲೆ
ನನ್ನ ಬೂಟು ದಡದಡ. ಹಿಂದಿನಿಂದ ತೋಳು ಹಿಡಿದಳು.
ಸಹಿಯಾದ ಮೇಲಿನ ಮಾತು, ಯಾರಿಗೂ ದಾಟಿಸಬೇಕಿಲ್ಲ:
"ಸಾವಕಾಶ ಇಳೀರಿ ಅಕ್ಕಾರ,
ಕೆಳಗ ಯಾರರ ಮಕ್ಕೊಂಡಿರತಾರ."

ಬೂಟು ಕಳಚಿ ಕೈಯಲ್ಲಿ ಹಿಡಿದೆ.